ಬ್ರೌಸರ್ ಬದಲಿಸುವ ಮುನ್ನ ಬಲಮೂಲೆ ನೋಡಿ

"ಈ ಬ್ರೌಸರ್ ಸಾಕಾಗಿದೆ ಸಾರ್, ಯಾವುದು ಒಳ್ಳೇದೋ ಅದನ್ನ ಹಾಕಿಕೊಡಿ."

ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲಿಟ್ಟವರು ಹೇಳಿದ್ದು ಇಷ್ಟೇ. ತೆರೆದು ನೋಡಿದೆ. ಅರವತ್ತಕ್ಕೂ ಹೆಚ್ಚು ಟ್ಯಾಬ್‌ಗಳು, ಒಂದೊಂದೂ ಉಗುರಿನಷ್ಟು ಕಿರಿದಾಗಿ ಹೆಸರೇ ಕಾಣದಂತಾಗಿವೆ. ಬ್ರೌಸರಿಗೆ ಹೆಚ್ಚುವರಿ ಸೌಲಭ್ಯ ಸೇರಿಸುವ ಪುಟ್ಟ ತಂತ್ರಾಂಶಗಳು, ಅಂದರೆ ಎಕ್ಸ್‌ಟೆನ್ಷನ್‌ಗಳು, ಹನ್ನೊಂದಿವೆ, ಅವುಗಳಲ್ಲಿ ಮೂರನ್ನು ಯಾಕೆ ಹಾಕಿಕೊಂಡೆ ಎಂದು ಅವರಿಗೇ ನೆನಪಿಲ್ಲ. ಬಲಮೂಲೆಯಲ್ಲಿ ಒಂದು ಗುಂಡಿ, ಅಪ್‌ಡೇಟ್ ಬಂದಿದೆ, ಒಮ್ಮೆ ಮುಚ್ಚಿ ತೆರೆಯಪ್ಪಾ ಎಂದು ಅಂಗಲಾಚುತ್ತಿದೆ. ಅದು ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದೆ.

"ಅದಾ? ಅದು ಯಾವಾಗಲೂ ಇರುತ್ತಲ್ಲ."

ಯಾವ ಬ್ರೌಸರ್ ಒಳ್ಳೆಯದು ಎಂಬ ಪ್ರಶ್ನೆಗೆ ಹಿಂದೆ ನನ್ನ ಬಳಿ ಗಟ್ಟಿ ಉತ್ತರವಿತ್ತು. ಈಗ ಕೇಳಿದವರಿಗೆ ನಾನೇ ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ: ಇರುವುದನ್ನು ಕೊನೆಯ ಸಲ ಪೂರ್ತಿ ಮುಚ್ಚಿ ತೆರೆದದ್ದು ಯಾವಾಗ?

ಮೊದಲು ಹೆಸರುಗಳ ಗೊಂದಲ ಬಿಡಿಸಿಬಿಡೋಣ. ಕ್ರೋಮ್, ಎಡ್ಜ್, ಬ್ರೇವ್, ಒಪೆರಾ, ವಿವಾಲ್ಡಿ, ಸ್ಯಾಮ್‌ಸಂಗ್ ಇಂಟರ್ನೆಟ್ ಇವೆಲ್ಲ ಕ್ರೋಮಿಯಂ ಎಂಬ ಒಂದೇ ಮುಕ್ತ ತಂತ್ರಾಂಶದ ಮೇಲೆ ಕಟ್ಟಿದವು. ಅಂಗಿ ಬೇರೆ ಬೇರೆ, ಮೈ ಒಂದೇ. ಪುಟವನ್ನು ಓದಿ ಪರದೆಯ ಮೇಲೆ ಮೂಡಿಸುವ ಭಾಗಕ್ಕೆ ಇಂಜಿನ್ ಅನ್ನುತ್ತೇವೆ. ಇವೆಲ್ಲದರಲ್ಲೂ ಇರುವುದು ಬ್ಲಿಂಕ್. ಒಪೆರಾ ತನ್ನ ಸ್ವಂತ ಇಂಜಿನ್ ಪ್ರೆಸ್ಟೊವನ್ನು 2013ರಲ್ಲಿ ಕೈಬಿಟ್ಟಿತು. ಮೈಕ್ರೋಸಾಫ್ಟ್‌ನಂಥ ಮೈಕ್ರೋಸಾಫ್ಟೇ ತನ್ನದನ್ನು ಬದಿಗಿಟ್ಟು 2020ರ ಜನವರಿಯಲ್ಲಿ ಎಡ್ಜನ್ನು ಕ್ರೋಮಿಯಂ ಮೇಲೆ ಹೊಸದಾಗಿ ತಂದಿತು. ಬೇರೆ ಇಂಜಿನ್ ಅಂತ ಗಟ್ಟಿಯಾಗಿ ಉಳಿದಿರುವವು ಎರಡೇ: ಸಫಾರಿಯ ವೆಬ್‌ಕಿಟ್ ಮತ್ತು ಫೈರ್‌ಫಾಕ್ಸ್‌ನ ಗೆಕೊ. ಅದರಲ್ಲೂ ಬ್ಲಿಂಕ್ 2013ರಲ್ಲಿ ವೆಬ್‌ಕಿಟ್‌ನಿಂದಲೇ ಕವಲೊಡೆದದ್ದು, ಅಂದರೆ ಅವೆರಡೂ ದಾಯಾದಿಗಳು. ಇನ್ನು ಐಫೋನಿನಲ್ಲಿ ಕ್ರೋಮ್ ಹಾಕಿಕೊಂಡರೂ ಫೈರ್‌ಫಾಕ್ಸ್ ಹಾಕಿಕೊಂಡರೂ ಒಳಗೆ ಓಡುವುದು ವೆಬ್‌ಕಿಟ್ಟೇ. ಐರೋಪ್ಯ ಒಕ್ಕೂಟದ ಕಾನೂನಿನ ಒತ್ತಡಕ್ಕೆ ಆಪಲ್ 2024ರಲ್ಲಿ ಅಲ್ಲಿ ಈ ಕಟ್ಟು ಸಡಿಲಿಸಿತು. ಹಾಗಾಗಿ "ಎಡ್ಜ್ ಸರಿಯಿಲ್ಲ, ಬ್ರೇವ್ ಸೂಪರ್" ಎಂದು ಯಾರಾದರೂ ವಾದಕ್ಕಿಳಿದರೆ ನಾನು ನಕ್ಕು ಸುಮ್ಮನಾಗುತ್ತೇನೆ. ವ್ಯತ್ಯಾಸ ಇಲ್ಲವೆಂದಲ್ಲ, ಅವರು ಹುಡುಕುತ್ತಿರುವ ಜಾಗದಲ್ಲಿ ಇಲ್ಲ.

ಸುರಕ್ಷತೆಗೆ ಬರೋಣ. ಬ್ರೌಸರ್ ಅಂದರೆ ಗುರುತು ಪರಿಚಯ ಇಲ್ಲದವರು ಬರೆದ ಪ್ರೋಗ್ರಾಂಗಳನ್ನು ದಿನವಿಡೀ ನಿಮ್ಮ ಯಂತ್ರದೊಳಗೆ ಕರೆತಂದು ಓಡಿಸುವ ತಂತ್ರಾಂಶ. ಅದಕ್ಕೇ 2008ರಲ್ಲಿ ಕ್ರೋಮ್ ಬಂದಾಗ ಪುಟಗಳನ್ನು ಪ್ರತ್ಯೇಕ ಪ್ರಕ್ರಿಯೆಗಳಲ್ಲಿ, ಅಂದರೆ ಒಂದರ ಮೆಮೊರಿ ಇನ್ನೊಂದಕ್ಕೆ ಸಿಗದಂತೆ ಬೇರೆ ಬೇರೆಯಾಗಿ, ಕೈಕಾಲು ಕಟ್ಟಿದ ಸ್ಥಿತಿಯಲ್ಲಿ ಓಡಿಸುವ ಪದ್ಧತಿ ತಂದದ್ದು ದೊಡ್ಡ ಸಂಗತಿಯಾಯಿತು. ಇದನ್ನು ಸ್ಯಾಂಡ್‌ಬಾಕ್ಸ್ ಎನ್ನುತ್ತಾರೆ. ಪುಟ ಕೆಟ್ಟದ್ದಾದರೂ ಅದರ ಕೈ ನಿಮ್ಮ ಕಡತಗಳಿಗೆ ಎಟುಕಬಾರದು. 2018ರ ಆರಂಭದಲ್ಲಿ ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷ ಬಯಲಾದಾಗ ಅದೂ ಸಾಲದೆಂದು ಗೊತ್ತಾಯಿತು. ಒಂದೇ ಪ್ರಕ್ರಿಯೆಯಲ್ಲಿರುವ ಎರಡು ಸೈಟುಗಳಲ್ಲಿ ಒಂದು ಇನ್ನೊಂದರ ಮೆಮೊರಿಯನ್ನು ಇಣುಕಬಹುದಿತ್ತು. ಅದೇ ವರ್ಷ ಡೆಸ್ಕ್‌ಟಾಪ್ ಕ್ರೋಮ್ ಪ್ರತಿ ಸೈಟಿಗೂ ಬೇರೆ ಪ್ರಕ್ರಿಯೆ ಕೊಡಲು ಶುರುಮಾಡಿತು. ಫೈರ್‌ಫಾಕ್ಸ್ ಆ ಮಟ್ಟಕ್ಕೆ ಬರಲು 2021ರವರೆಗೆ ಕಾಯಬೇಕಾಯಿತು. ನಾನು ಫೈರ್‌ಫಾಕ್ಸ್‌ನ ಹಳೆಯ ಅಭಿಮಾನಿ, ಆದರೂ ಈ ಒಂದು ವಿಷಯದಲ್ಲಿ ಅದು ಹಿಂದೆ ಬಿದ್ದಿತ್ತು ಎನ್ನುವುದನ್ನು ಒಪ್ಪಲೇಬೇಕು. ಇವತ್ತು ಮಾಮೂಲಿ ಬಳಕೆದಾರರಿಗೆ ಆ ಅಂತರ ದೊಡ್ಡದಲ್ಲ.

ಇಷ್ಟು ಗೋಡೆ ಕಟ್ಟಿದ ಮೇಲೂ ದೋಷಗಳು ಬರುತ್ತಲೇ ಇರುತ್ತವೆ. ಕ್ರೋಮಿಯಂ ತಂಡವೇ 2020ರಲ್ಲಿ ಹೇಳಿಕೊಂಡ ಪ್ರಕಾರ, ಅದರಲ್ಲಿ ಕಂಡ ಗಂಭೀರ ಭದ್ರತಾ ದೋಷಗಳಲ್ಲಿ ಸುಮಾರು 70% ಮೆಮೊರಿ ನಿರ್ವಹಣೆಯ ತಪ್ಪುಗಳು. ಕೋಟಿಗಟ್ಟಲೆ ಸಾಲುಗಳ ಸಿ++ ಭಾಷೆಯ ಕೋಡಿನಲ್ಲಿ ಅವನ್ನು ಒಂದೇ ಏಟಿಗೆ ತೊಡೆಯಲಾಗುವುದಿಲ್ಲ. ಆದ್ದರಿಂದ ಉಳಿದ ದಾರಿ ತೇಪೆ, ಅಂದರೆ ದೋಷ ಮುಚ್ಚುವ ಅಪ್‌ಡೇಟ್, ಬೇಗ ಬೇಗ ತೇಪೆ. ಇಲ್ಲೊಂದು ಸೂಕ್ಷ್ಮವಿದೆ. ಕ್ರೋಮಿಯಂ ಮುಕ್ತ ತಂತ್ರಾಂಶವಾದ್ದರಿಂದ ದೋಷಕ್ಕೆ ಮಾಡಿದ ತಿದ್ದುಪಡಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಕಳ್ಳರ ಕಣ್ಣಿಗೂ. ತಿದ್ದುಪಡಿಯನ್ನು ಓದಿ ಮೂಲ ದೋಷ ಎಲ್ಲಿತ್ತೆಂದು ಕಂಡುಕೊಂಡು, ಇನ್ನೂ ಅಪ್‌ಡೇಟ್ ಆಗದವರ ಮೇಲೆ ಬೀಳುವುದು ಅವರ ಲೆಕ್ಕಾಚಾರ. ಈ ನಡುವಿನ ಬಿಡುವನ್ನು ಕಿರಿದಾಗಿಸಲೆಂದೇ ಕ್ರೋಮ್ 2023ರ ಆಗಸ್ಟ್‌ನಿಂದ ವಾರಕ್ಕೊಮ್ಮೆ ಭದ್ರತಾ ಅಪ್‌ಡೇಟ್ ಕೊಡುತ್ತಿದೆ. ಅದರ ಮೇಲೆ ಕಟ್ಟಿದ ಉಳಿದ ಬ್ರೌಸರ್‌ಗಳು ಅದೇ ತೇಪೆಯನ್ನು ತಮ್ಮದಕ್ಕೆ ಹೊಂದಿಸಿ ಕೊಡಬೇಕು. ದೊಡ್ಡವು ಸಾಮಾನ್ಯವಾಗಿ ಬೇಗ ಕೊಡುತ್ತವೆ. ಯಾರೂ ಕೇಳರಿಯದ ಹೆಸರಿನ, "ಮೆಮೊರಿಯನ್ನೇ ತಿನ್ನುವುದಿಲ್ಲ" ಎಂದು ಜಾಹೀರಾತು ಹಾಕುವ ಕ್ರೋಮಿಯಂ ಮರಿಗಳನ್ನು ನಾನು ಯಾರಿಗೂ ಹೇಳದಿರುವುದು ಇದಕ್ಕೇ. ಸಫಾರಿಯದು ಇನ್ನೊಂದು ಬಗೆ: ಐಫೋನಿನಲ್ಲಿ ಅದರ ತೇಪೆ ಸಾಮಾನ್ಯವಾಗಿ ಬರುವುದು ಇಡೀ ಐಓಎಸ್‌ನ (ಐಫೋನಿನ ಮೂಲ ತಂತ್ರಾಂಶದ) ಅಪ್‌ಡೇಟ್ ಜೊತೆ. "ಆಮೇಲೆ" ಎಂದು ಅದನ್ನು ಮುಂದೂಡಿದರೆ ಬ್ರೌಸರನ್ನೂ ಮುಂದೂಡಿದಂತೆ.

ಈಗ ಆ ಬಲಮೂಲೆಯ ಗುಂಡಿ. ಕ್ರೋಮ್‌ನಲ್ಲಿ ಅದರ ಬಣ್ಣಕ್ಕೆ ಅರ್ಥವಿದೆ. ಹಸಿರಾದರೆ ಅಪ್‌ಡೇಟ್ ಬಂದು ಎರಡು ದಿನದೊಳಗೆ, ಕಿತ್ತಳೆಯಾದರೆ ನಾಲ್ಕು ದಿನದ ಆಸುಪಾಸು, ಕೆಂಪಾದರೆ ಕನಿಷ್ಠ ಒಂದು ವಾರ. ತೇಪೆ ನಿಮ್ಮ ಯಂತ್ರಕ್ಕೆ ಇಳಿದು ಕೂತಿರುತ್ತದೆ, ಆದರೆ ಓಡುತ್ತಿರುವುದು ಹಳೆಯದೇ. ಔಷಧಿ ತಂದು ಕಪಾಟಿನಲ್ಲಿಟ್ಟು ಜ್ವರ ಬಿಡಲಿಲ್ಲವೆಂದರೆ ಹೇಗೆ? ಜನ ಯಾಕೆ ಮುಚ್ಚುವುದಿಲ್ಲ ಎಂದು ವರ್ಷಗಟ್ಟಲೆ ಕೇಳುತ್ತ ಬಂದಿದ್ದೇನೆ. ಸೋಮಾರಿತನ ಅಂದುಕೊಂಡಿದ್ದೆ. ಅಲ್ಲ, ಭಯ. "ಟ್ಯಾಬ್ ಎಲ್ಲ ಹೋಗಿಬಿಟ್ಟರೆ?" ಆ ಅರವತ್ತು ಟ್ಯಾಬ್‌ಗಳು ಅವರ ಮಾಡಬೇಕಾದ ಕೆಲಸಗಳ ಪಟ್ಟಿ, ಓದಬೇಕಾದ ಲೇಖನಗಳ ರಾಶಿ, ಅರ್ಧ ತುಂಬಿದ ಅರ್ಜಿ. ಸೆಟ್ಟಿಂಗ್ಸ್‌ನಲ್ಲಿ, ತೆರೆದಾಗ ಬಿಟ್ಟಲ್ಲಿಂದ ಮುಂದುವರಿಸು ಎಂಬ ಆಯ್ಕೆ ಎಲ್ಲ ಪ್ರಮುಖ ಬ್ರೌಸರ್‌ಗಳಲ್ಲೂ ಇದೆ. ಅರ್ಧ ತುಂಬಿದ ಅರ್ಜಿಯನ್ನು ಮಾತ್ರ ಮೊದಲು ಮುಗಿಸಿಕೊಳ್ಳಿ, ಅದಕ್ಕೆ ಖಾತರಿ ಇಲ್ಲ.

ಎಕ್ಸ್‌ಟೆನ್ಷನ್‌ಗಳದ್ದು ಕೋಟೆ ಕಟ್ಟಿ ದಿಡ್ಡಿ ಬಾಗಿಲು ತೆರೆದಿಟ್ಟ ಕತೆ. ಎಷ್ಟೋ ಎಕ್ಸ್‌ಟೆನ್ಷನ್‌ಗಳು "ಎಲ್ಲ ಸೈಟುಗಳ ಮಾಹಿತಿ ಓದಲು, ಬದಲಿಸಲು" ಅನುಮತಿ ಕೇಳುತ್ತವೆ. ಎಲ್ಲ ಸೈಟು ಅಂದರೆ ಬ್ಯಾಂಕೂ ಬಂತು. ಇವತ್ತು ಒಳ್ಳೆಯದಾಗಿರುವುದು ನಾಳೆಯೂ ಹಾಗೇ ಇರಬೇಕೆಂದಿಲ್ಲ. ಗ್ರೇಟ್ ಸಸ್ಪೆಂಡರ್ ಎಂಬ ಎಕ್ಸ್‌ಟೆನ್ಷನ್ ಬಳಸದ ಟ್ಯಾಬ್‌ಗಳನ್ನು ಮಲಗಿಸಿ ಮೆಮೊರಿ ಉಳಿಸುತ್ತಿತ್ತು. ನಾನೇ ಹಲವರಿಗೆ ಹಾಕಿಕೊಟ್ಟಿದ್ದೆ. 2020ರಲ್ಲಿ ಅದನ್ನು ಕಟ್ಟಿದವರು ಬೇರೆಯವರಿಗೆ ಮಾರಿದರು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಕುತಂತ್ರಾಂಶವೆಂದು ಎಲ್ಲರ ಕ್ರೋಮ್‌ನಿಂದಲೂ ನಿಷ್ಕ್ರಿಯಗೊಳಿಸಿತು. ಅಂದು ಯಾರು ಯಾರಿಗೆ ಹಾಕಿಕೊಟ್ಟಿದ್ದೆನೋ ನೆನಪಿಸಿಕೊಂಡು ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಈಗ ಆ ಕೆಲಸಕ್ಕೆ ಎಕ್ಸ್‌ಟೆನ್ಷನ್ನೇ ಬೇಕಿಲ್ಲ. ಕ್ರೋಮ್, ಎಡ್ಜ್ ಎರಡರಲ್ಲೂ ಟ್ಯಾಬ್ ಮಲಗಿಸುವ ಸೌಲಭ್ಯ ಒಳಗೇ ಇದೆ. ಫೈರ್‌ಫಾಕ್ಸ್ ಮೆಮೊರಿ ಸಾಲದಾದಾಗ ತಾನೇ ಟ್ಯಾಬ್‌ಗಳನ್ನು ಇಳಿಸುತ್ತದೆ.

ವೇಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಪೀಡೋಮೀಟರ್ ಎಂಬ ಪರೀಕ್ಷೆಯ ಮೂರನೇ ಆವೃತ್ತಿಯನ್ನು 2024ರಲ್ಲಿ ಆಪಲ್, ಗೂಗಲ್, ಮೊಜಿಲ್ಲಾ, ಮೈಕ್ರೋಸಾಫ್ಟ್ ಕೂಡಿಯೇ ಹೊರತಂದವು. ಪೈಪೋಟಿಯವರೇ ಒಂದು ಅಳತೆಗೋಲಿಗೆ ಒಪ್ಪಿದರೆಂದರೆ ಅದಕ್ಕೊಂದು ಬೆಲೆ ಇದೆ. ಆದರೆ ಅದರ ಅಂಕಗಳಲ್ಲಿ ಕಾಣುವ ವ್ಯತ್ಯಾಸ ಮಿಂಚಂಚೆ ಓದುವಾಗ ನಿಮ್ಮ ಕಣ್ಣಿಗೆ ಕಾಣುವುದು ಕಷ್ಟ. ಹೊಸ ಬ್ರೌಸರ್ ಹಾಕಿದ ಮೊದಲ ವಾರ ಎಲ್ಲರಿಗೂ ಅದು ಬಾಣದಂತೆ ಓಡುತ್ತದೆ. ದೂರದ ಬೆಟ್ಟ ನುಣ್ಣಗೆ: ಅದರಲ್ಲಿ ಎಕ್ಸ್‌ಟೆನ್ಷನ್ ಇಲ್ಲ, ನೋಟಿಫಿಕೇಷನ್ ಕಾಟವಿಲ್ಲ, ಟ್ಯಾಬ್ ನಾಲ್ಕೇ. ಮೂರು ತಿಂಗಳು ಬಿಟ್ಟು ಬನ್ನಿ. ನಿಜವಾಗಿ ಪುಟವನ್ನು ಎಳೆಯುವುದು ಅದರ ಜೊತೆ ಬರುವ ಜಾಹೀರಾತು ಮತ್ತು ಹಿಂಬಾಲಿಸುವ ಕೋಡು. ಅವನ್ನು ತಡೆದರೆ ಹಳೆಯ ಯಂತ್ರಕ್ಕೂ ಉಸಿರು ಬರುತ್ತದೆ.

ನನ್ನ ಮಟ್ಟಿಗೆ ಬ್ರೌಸರ್‌ಗಳು ನಿಜವಾಗಿ ಬೇರೆಯಾಗುವುದು ಇಲ್ಲಿಯೇ. ಕ್ರೋಮ್ ಮ್ಯಾನಿಫೆಸ್ಟ್ ವಿ3 ಎಂಬ ಹೊಸ ನಿಯಮ ತಂದು ಎಕ್ಸ್‌ಟೆನ್ಷನ್‌ಗಳ ಕೈ ಕಟ್ಟಿತು. ಅದಕ್ಕೆ ಭದ್ರತೆಯ ಸಮರ್ಥನೆ ಇದೆ, ಪೂರಾ ಸುಳ್ಳೂ ಅಲ್ಲ. ಆದರೆ ಜಾಹೀರಾತು ತಡೆಯುವವುಗಳಲ್ಲೇ ಬಲಿಷ್ಠವಾದ ಯುಬ್ಲಾಕ್ ಒರಿಜಿನ್ ಅದರಿಂದ ಕ್ರೋಮ್‌ನಲ್ಲಿ ನಿಂತಿತು. ಅದರ ತಮ್ಮನಂಥ ಲೈಟ್ ಆವೃತ್ತಿ ಮಾತ್ರ ಉಳಿಯಿತು. ಫೈರ್‌ಫಾಕ್ಸ್‌ನಲ್ಲಿ ಮೂಲದ್ದೇ ಓಡುತ್ತದೆ. ಬ್ರೇವ್‌ನಲ್ಲಿ ತಡೆಯುವ ವ್ಯವಸ್ಥೆ ಒಳಗೇ ಕೂತಿದೆ. ಬೇರೆ ಸೈಟಿನ ಕುಕೀಗಳ, ಅಂದರೆ ನಿಮ್ಮನ್ನು ಸೈಟಿನಿಂದ ಸೈಟಿಗೆ ಗುರುತಿಸಲು ಬ್ರೌಸರಿನಲ್ಲಿ ಇಟ್ಟುಹೋಗುವ ಪುಟ್ಟ ಗುರುತುಚೀಟಿಗಳ, ವಿಷಯವೂ ಹಾಗೇ. ಸಫಾರಿ 2020ರಲ್ಲಿಯೇ ಅವನ್ನು ಪೂರ್ತಿ ತಡೆಯಿತು, ಫೈರ್‌ಫಾಕ್ಸ್ 2022ರಲ್ಲಿ ಪ್ರತಿ ಸೈಟಿನ ಕುಕೀಯನ್ನೂ ಆಯಾ ಡಬ್ಬಿಯಲ್ಲೇ ಮುಚ್ಚಿಟ್ಟಿತು. ಕ್ರೋಮ್ ತೆಗೆಯುತ್ತೇನೆ ತೆಗೆಯುತ್ತೇನೆ ಎಂದು ವರ್ಷಗಟ್ಟಲೆ ಹೇಳಿ 2024ರಲ್ಲಿ ಆ ಯೋಜನೆ ಬಿಟ್ಟಿತು. ಜಾಹೀರಾತಿನಿಂದ ಬದುಕುವ ಕಂಪನಿಯ ಬ್ರೌಸರಿನಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸುವುದು ನಮ್ಮದೇ ತಪ್ಪು. ಅಂದ ಹಾಗೆ, ಫೈರ್‌ಫಾಕ್ಸ್ ಹಿಂದಿರುವ ಮೊಜಿಲ್ಲಾದ ಆದಾಯದಲ್ಲಿ ದೊಡ್ಡ ಪಾಲು ಗೂಗಲನ್ನು ಹುಡುಕಾಟಕ್ಕೆ ಮೊದಲ ಆಯ್ಕೆಯಾಗಿ ಇಟ್ಟದ್ದಕ್ಕೆ ಬರುವ ಹಣ. ಪೂರ್ತಿ ಸ್ವತಂತ್ರರು ಇಲ್ಲಿ ಯಾರೂ ಇಲ್ಲ.

ಇನ್‌ಕಾಗ್ನಿಟೊ ಕಿಟಕಿಯನ್ನು ಕವಚ ಎಂದುಕೊಂಡವರಿಗೆ ಒಂದೇ ಮಾತು: ಅದು ಮರೆಮಾಡುವುದು ಅದೇ ಕಂಪ್ಯೂಟರ್ ಬಳಸುವ ಇನ್ನೊಬ್ಬರಿಂದ. ಇಂಟರ್ನೆಟ್ ಕೊಡುವ ಕಂಪನಿಗೂ ಸೈಟಿಗೂ ನೀವು ಕಾಣುತ್ತಲೇ ಇರುತ್ತೀರಿ. ಬೀಗದ ಚಿತ್ರವನ್ನು ನಂಬುವವರೂ ಇದ್ದಾರೆ. ಬೀಗದ ಅರ್ಥ ದಾರಿಯಲ್ಲಿ ಯಾರೂ ಕದ್ದು ಓದಲಾರರು ಎಂದಷ್ಟೇ. ಆ ಕಡೆ ಕೂತವನೇ ಕಳ್ಳನಾದರೆ ಅದು ಏನೂ ಹೇಳುವುದಿಲ್ಲ. ಜನ ತಪ್ಪು ತಿಳಿಯುತ್ತಾರೆಂದೇ ಕ್ರೋಮ್ 2023ರಲ್ಲಿ ಬೀಗ ತೆಗೆದು ಬೇರೆ ಚಿಹ್ನೆ ಇಟ್ಟಿತು. ನಕಲಿ ಸೈಟು ಗುರುತಿಸುವುದರಲ್ಲಿ ನಮಗಿಂತ ಜಾಣ ಪಾಸ್‌ವರ್ಡ್ ಮ್ಯಾನೇಜರ್. ವಿಳಾಸದಲ್ಲಿ ಒಂದಕ್ಷರ ಬೇರೆಯಾದರೂ ಅದು ಪಾಸ್‌ವರ್ಡ್ ತಾನಾಗಿ ತುಂಬುವುದಿಲ್ಲ. ಎಂದಿನಂತೆ ತುಂಬಲಿಲ್ಲವೆಂದರೆ ಕೈಯಲ್ಲಿ ಒತ್ತಲು ಹೋಗಬೇಡಿ, ವಿಳಾಸ ನೋಡಿ.

ನಾನು ಏನು ಬಳಸುತ್ತೇನೆ ಎಂದು ಕೇಳಿದರೆ, ಎರಡು. ಓದು, ಹುಡುಕಾಟ, ವಿಡಿಯೋಗೆ ಯುಬ್ಲಾಕ್ ಒರಿಜಿನ್ ಇರುವ ಫೈರ್‌ಫಾಕ್ಸ್. ಬ್ಯಾಂಕು ಮತ್ತು ಸರ್ಕಾರಿ ಕೆಲಸಕ್ಕೆ ಒಂದೂ ಎಕ್ಸ್‌ಟೆನ್ಷನ್ ಇಲ್ಲದ ಕ್ರೋಮಿಯಂ ಬ್ರೌಸರ್, ಯಾಕೆಂದರೆ ಅಂಥ ಎಷ್ಟೋ ಸೈಟುಗಳನ್ನು ಕಟ್ಟಿದವರು ಕ್ರೋಮ್‌ನಲ್ಲಿ ಬಿಟ್ಟು ಬೇರೆಲ್ಲೂ ಪರೀಕ್ಷಿಸಿಯೇ ಇರುವುದಿಲ್ಲ. ಮ್ಯಾಕ್ ಇರುವವರು ಬ್ಯಾಟರಿಗಾಗಿ ಸಫಾರಿಯಲ್ಲೇ ಇರಲಿ, ಬದಲಿಸುವ ಕಾರಣ ಕಾಣುವುದಿಲ್ಲ. ವಿಂಡೋಸ್ 7 ಇನ್ನೂ ಓಡಿಸುತ್ತಿರುವವರಿಗೆ ಮಾತ್ರ ಯಾವ ಬ್ರೌಸರ್ ಎಂಬ ಚರ್ಚೆಯೇ ವ್ಯರ್ಥ. ಕ್ರೋಮ್ ಅಲ್ಲಿ 2023ರ 109ನೇ ಆವೃತ್ತಿಗೇ ನಿಂತಿದೆ. ಮೊದಲು ಬದಲಾಗಬೇಕಾದ್ದು ಅದರ ಕೆಳಗಿರುವ ವಿಂಡೋಸ್.

ಆ ಲ್ಯಾಪ್‌ಟಾಪಿಗೆ ಹೊಸ ಬ್ರೌಸರ್ ಹಾಕಲಿಲ್ಲ. ಎಂಟು ಎಕ್ಸ್‌ಟೆನ್ಷನ್ ತೆಗೆದೆ, ಮೂವತ್ತೆರಡು ಸೈಟುಗಳ ನೋಟಿಫಿಕೇಷನ್ ಅನುಮತಿ ರದ್ದು ಮಾಡಿದೆ, ಬಿಟ್ಟಲ್ಲಿಂದ ಮುಂದುವರಿಸುವ ಆಯ್ಕೆ ಹಾಕಿ ಅವರ ಕೈಯಿಂದಲೇ ಆ ಗುಂಡಿ ಒತ್ತಿಸಿದೆ. ಕಿಟಕಿ ಮಾಯವಾದ ಆ ಎರಡು ಕ್ಷಣ ಅವರು ಉಸಿರು ಬಿಗಿಹಿಡಿದಿದ್ದರು. ಅರವತ್ತೂ ಟ್ಯಾಬ್ ವಾಪಸ್ ಬಂದವು. ಹತ್ತು ದಿನ ಬಿಟ್ಟು ಮೆಸೇಜ್ ಬಂತು: "ಸಾರ್, ಅದು ಮತ್ತೆ ಬಂದಿದೆ. ಹಸಿರು. ಈಗಲೇ ಒತ್ತಲಾ?"