ಪ್ರಪಂಚದ ಫಸ್ಟ್ ಸೋಲಾರ್ ಮನೆ ಯಾವುದು, ಪ್ಯಾನೆಲ್ಲೇ ಇಲ್ದಿದ್ದಾಗ ಅದು ನಡೀತಿದ್ದಾದ್ರೂ ಹೇಗೆ?

ಈ ಪ್ರಶ್ನೆ ಆಗಾಗ ಬರ್ತಾನೇ ಇರುತ್ತೆ. ಪ್ಯಾನೆಲ್ ಇರ್ಲಿಲ್ಲ ಅನ್ನೋದು ಕರೆಕ್ಟೇ. ಬಿಸಿಲಿಂದ ಕರೆಂಟ್ ಮಾಡೋ ಸಿಲಿಕಾನ್ ಸೆಲ್ಲನ್ನ ಅಮೆರಿಕದ ಬೆಲ್ ಲ್ಯಾಬ್ಸ್ ಅನ್ನೋ ಸಂಶೋಧನಾ ಸಂಸ್ಥೆಯೋರು ತೋರ್ಸಿದ್ದು 1954ರಲ್ಲಿ. ಅದಕ್ಕಿಂತ ಮುಂಚೆ ಸೋಲಾರ್ ಮನೆ ಅಂದ್ರೆ ಬಿಸಿಲಿನ ಶಾಖ ಹಿಡಿದು ಚಳಿಗಾಲದಲ್ಲಿ ಮನೆ ಬೆಚ್ಚಗಿಡೋದು, ಅಷ್ಟೇ.

1939ರಲ್ಲಿ ಅಮೆರಿಕದ ಎಂಐಟಿ ಯೂನಿವರ್ಸಿಟಿಯಲ್ಲಿ ಹಾಯ್ಟ್ ಹಾಟಲ್ ಅನ್ನೋ ಪ್ರೊಫೆಸರ್ ಟೀಮು ಒಂದು ಪುಟ್ಟ ಕಟ್ಟಡ ಕಟ್ತು, ಛಾವಣಿ ಮೇಲೆ ಬಿಸಿಲಿನ ಶಾಖ ಹಿಡಿಯೋ ಕಲೆಕ್ಟರ್, ಕೆಳಗಡೆ ಬೇಸ್‌ಮೆಂಟಲ್ಲಿ ಸುಮಾರು 65 ಸಾವಿರ ಲೀಟರ್ ನೀರಿನ ಟ್ಯಾಂಕು, ಬೇಸಿಗೇಲಿ ಬಿಸಿ ಮಾಡಿಟ್ಟ ನೀರನ್ನ ಚಳಿಗಾಲದಲ್ಲಿ ಬಳಸೋದು. ಕೆಲಸ ಮಾಡ್ತು, ಆದ್ರೆ ಖರ್ಚು ವಿಪರೀತ. ಬೆಂಗಳೂರಿನ ಟೆರೇಸ್‌ಗಳ ಮೇಲಿರೋ ಸೋಲಾರ್ ವಾಟರ್ ಹೀಟರ್ ಐಡಿಯಾನೂ ಹೆಚ್ಚು ಕಮ್ಮಿ ಇದೇ ಅನ್ನಿ, ಬಿಸಿ ಮಾಡು, ಆರದ ಹಾಗೆ ಮುಚ್ಚಿಡು. ಆದ್ರೆ ಅದು ಲ್ಯಾಬು, ಅಲ್ಲಿ ಯಾರೂ ಸಂಸಾರ ಮಾಡ್ತಿರ್ಲಿಲ್ಲ.

ಹಾಗಾಗಿ ನನ್ನ ಓಟು 1948ರ ಡೋವರ್ ಸನ್ ಹೌಸ್‌ಗೆ. ಬಾಸ್ಟನ್ ಹತ್ರ ಡೋವರ್ ಅನ್ನೋ ಊರಲ್ಲಿ ಮೂರು ಜನ ಹೆಂಗಸರು ಸೇರಿ ಮಾಡ್ಸಿದ್ದು: ಐಡಿಯಾ ಹಂಗೇರಿಯಿಂದ ಬಂದ ವಿಜ್ಞಾನಿ ಮಾರಿಯಾ ಟೆಲ್ಕೆಸ್‌ದು, ಡಿಸೈನ್ ಆರ್ಕಿಟೆಕ್ಟ್ ಎಲಿನೋರ್ ರೇಮಂಡ್‌ದು, ದುಡ್ಡು ಹಾಕಿದ್ದು ಶಿಲ್ಪಿ ಅಮೀಲಿಯಾ ಪೀಬಾಡಿ. ಮನೆ ಒಳಗೆ ಒಂದು ಕುಟುಂಬ ನಿಜವಾಗ್ಲೂ ವಾಸ ಮಾಡ್ತಿತ್ತು.

ಮೇಲಿನ ಮಹಡಿಯ ದಕ್ಷಿಣದ ಗೋಡೆ ಪೂರ್ತಿ ಗಾಜು, ಗಾಜಿನ ಹಿಂದೆ ಕಪ್ಪು ಬಣ್ಣ ಬಳಿದ ತಗಡು, ನಡುವೆ ಕಾಯೋ ಗಾಳಿಯನ್ನ ಫ್ಯಾನು ಎಳ್ಕೊಂಡು ಹೋಗಿ ರೂಮುಗಳ ಮಧ್ಯದ ಗೂಡುಗಳಲ್ಲಿರೋ ಡ್ರಮ್ಮುಗಳ ಮೇಲೆ ಹಾಯಿಸ್ತಿತ್ತು. ಡ್ರಮ್ಮಲ್ಲಿ ಗ್ಲಾಬರ್ ಸಾಲ್ಟು, ಅಡುಗೆ ಉಪ್ಪಲ್ಲ, ಹರಳಿನೊಳಗೆ ನೀರು ಸೇರ್ಕೊಂಡಿರೋ ಸೋಡಿಯಂ ಸಲ್ಫೇಟು, ಒಟ್ಟು 21 ಟನ್ ಹತ್ರ. ಇದು 32 ಡಿಗ್ರಿಗೆ ಕರಗುತ್ತೆ, ಕರಗುವಾಗ ಶಾಖ ಹೀರ್ಕೊಳ್ಳುತ್ತೆ, ರಾತ್ರಿ ತಣ್ಣಗಾಗಿ ಗಟ್ಟಿಯಾಗುವಾಗ ಅದನ್ನೇ ವಾಪಸ್ ಬಿಡುತ್ತೆ. ಒಂದು ಕೆಜಿ ನೀರನ್ನ 10 ಡಿಗ್ರಿ ಕಾಯ್ಸೋಕೆ 42 ಕಿಲೋಜೂಲ್ ಶಾಖ ಸಾಕು, ಒಂದು ಕೆಜಿ ಈ ಉಪ್ಪು ಕರಗೋಕೆ ಸುಮಾರು 250 ಬೇಕು. ಅಂದ್ರೆ ಅಷ್ಟೇ ಜಾಗದಲ್ಲಿ ಎಷ್ಟು ಜಾಸ್ತಿ ಶಾಖ ಕೂಡಿಡಬಹುದು ನೋಡಿ!

ಮೊದಲೆರಡು ಚಳಿಗಾಲ ಚೆನ್ನಾಗೇ ನಡೀತು. ಆಮೇಲೆ ಕೈ ಕೊಡ್ತು. ಕರಗಿ ಗಟ್ಟಿಯಾಗಿ ಮತ್ತೆ ಕರಗಿ ಹೀಗೇ ಆಗ್ತಾ ಆಗ್ತಾ ನೀರು ಬಿಟ್ಟ ಉಪ್ಪು ತಳಕ್ಕೆ ಕೂತ್ಕೊಳ್ತು, ಮೇಲಿನ ದ್ರಾವಣದ ಜೊತೆ ಮತ್ತೆ ಸೇರ್ಲೇ ಇಲ್ಲ, ಜೊತೆಗೆ ಡ್ರಮ್ಮು ಬೇರೆ ತುಕ್ಕು ಹಿಡಿದು ಸೋರೋಕೆ ಶುರು. ಬಿಸಿಲು ಹಿಡಿಯೋದ್ರಲ್ಲಿ ತಪ್ಪಿರ್ಲಿಲ್ಲ, ಮೋಡ ಕವಿದ ದಿನಕ್ಕೆ ಅಂತ ಕೂಡಿಡೋದ್ರಲ್ಲೇ ಎಲ್ಲಾ ಎಡವಟ್ಟು. ಇವತ್ತು ಬ್ಯಾಟರಿ ರೇಟ್ ನೋಡಿ ತಲೆ ಕೆಡಿಸ್ಕೊಳ್ಳೋರಿಗೆ ಈ ಗೋಳು ಹೊಸದೇನಲ್ಲ.

ಇನ್ನು ಕರೆಂಟೂ ಬೇಕು ಶಾಖವೂ ಬೇಕು ಅಂತ ಎರಡನ್ನೂ ಒಟ್ಟಿಗೆ ತೆಗೆದ ಮೊದಲ ಮನೆ ಅಂತ ಸಾಮಾನ್ಯವಾಗಿ ಹೇಳೋದು 1973ರ ಸೋಲಾರ್ ಒನ್, ಡೆಲವೇರ್ ಯೂನಿವರ್ಸಿಟಿದು, ಕಾರ್ಲ್ ಬೋಯರ್ ಮುಂದಾಳತ್ವದಲ್ಲಿ ಕಟ್ಟಿದ್ದು, ಛಾವಣೀಲಿ ಕರೆಂಟ್ ಮಾಡೋ ಕ್ಯಾಡ್ಮಿಯಂ ಸಲ್ಫೈಡ್ ಸೆಲ್ಲುಗಳು. ಆ ಪ್ರಾಜೆಕ್ಟಲ್ಲಿ ಟೆಲ್ಕೆಸ್ ಕೂಡ ಇದ್ರು, ಎಪ್ಪತ್ತು ದಾಟಿತ್ತು ವಯಸ್ಸು, ಆಗ್ಲೂ ಶಾಖ ಕೂಡಿಡೋ ಉಪ್ಪಿನ ಕೆಲಸ ಬಿಟ್ಟಿರ್ಲಿಲ್ಲ.