ಹಗೇವಿನ ಬಾಯಂಚಿನಲ್ಲಿ ಬಿಳಿ ಮನೆಗಳು

ಬಿಳಿ ಗೋಡೆ, ನೀಲಿ ಗುಮ್ಮಟ, ಕೆಳಗೆ ಕಡಲು. ಗ್ರೀಸಿನ ಸಾಂಟೊರಿನಿಯ ಈ ಫೋಟೊ ನೋಡದವರು ಕಡಿಮೆ. ಜ್ವಾಲಾಮುಖಿ ಸಿಡಿದು ಬೆಟ್ಟವೇ ಆಕಾಶಕ್ಕೆ ಹಾರಿಹೋಯಿತು ಎಂಬ ಕತೆಯೂ ಅದರ ಜೊತೆಗೇ ಬರುತ್ತದೆ. ಅಲ್ಲ ಮಾರಾಯ್ರೇ, ಬೆಟ್ಟ ಕುಸಿಯಿತು!

ನಮ್ಮ ಬಯಲುಸೀಮೆಯ ಹಗೇವು, ಅಂದರೆ ಕಾಳು ಕೂಡಿಡುವ ನೆಲದಡಿಯ ಗುಂಡಿ, ನೆನಪಿಸಿಕೊಳ್ಳಿ. ಕಾಳು ತುಂಬಿರುವಷ್ಟು ದಿನ ಮೇಲಿನ ಮಣ್ಣಿಗೆ ಒಳಗಿನಿಂದ ಆಸರೆ. ಬರಿದು ಮಾಡಿದರೆ? ಸಾಂಟೊರಿನಿಯ ಹಗೇವಿನಲ್ಲಿದ್ದದ್ದು ಶಿಲಾರಸ, ಅದೂ ಸಿಲಿಕಾ ಹೆಚ್ಚಿರುವ ಅಂಟು ರಸ. ತಿಳಿಸಾರು ಕುದಿಯುವಾಗ ಗುಳ್ಳೆ ಸುಮ್ಮನೆ ಒಡೆಯುತ್ತದೆ. ಅಂಬಲಿಯ ಗುಳ್ಳೆ ದಾರಿ ಸಿಗದೆ ಉಬ್ಬಿ ಕೈಮೇಲೆ ಸಿಡಿಯುತ್ತದೆ. ವಿಜಯಪುರ, ಕಲಬುರಗಿಯ ಕಪ್ಪು ಬಸಾಲ್ಟ್ ಸಾರಿನಂತೆ ಹರಿದು ಹಾಸಿದ್ದು. ಸಾಂಟೊರಿನಿಯದು ಅಂಬಲಿ. ಕ್ರಿ.ಪೂ. 1600ರ ಆಸುಪಾಸಿನಲ್ಲಿ (ನಿಖರ ವರ್ಷಕ್ಕೆ ಇನ್ನೂ ಜಗಳವಿದೆ) ಗೋಲಿಸೋಡಾದ ಗೋಲಿ ಒತ್ತಿದಂತಾಗಿ, ಕರಗಿದ್ದ ಅನಿಲ ನೊರೆಯೆದ್ದು, ಹತ್ತಾರು ಘನ ಕಿಲೋಮೀಟರ್ ರಸವನ್ನು ಬೂದಿ, ನೊರೆಗಲ್ಲು ಮಾಡಿ ಹೊರಚೆಲ್ಲಿತು. ಹಗೇವು ಬರಿದಾಯಿತು, ಚಾವಣಿ ಒಳಬಿತ್ತು. ಹಿಂದೊಮ್ಮೆ ಹೀಗೇ ಕುಸಿದ ತಗ್ಗು ಅಲ್ಲಿ ಮೊದಲೇ ಇತ್ತೆನ್ನಿ; ಅದು ಇನ್ನಷ್ಟು ಹಿಗ್ಗಿತು. ಈಗ ಸುಮಾರು 11 ಕಿ.ಮೀ. ಉದ್ದ, 7 ಕಿ.ಮೀ. ಅಗಲ. ಸುತ್ತಲಿನ ಕಡಿದಾದ ಬಂಡೆ ಕಡಲಿನಿಂದ 300 ಮೀಟರ್ ಎತ್ತರ. ಕಡಲು ನುಗ್ಗಿದ್ದು ಆಮೇಲೆ, ವಾಯವ್ಯದ ದಂಡೆ ಕಿತ್ತುಕೊಂಡು. 2016ರ ಅಧ್ಯಯನದ ಲೆಕ್ಕದಲ್ಲಿ ಒಂದೆರಡು ದಿನದೊಳಗೆ ತುಂಬಿತು.

ಬೂದಿಯಡಿ ಹೂತ ಅಕ್ರೊಟಿರಿ ಊರನ್ನು 1967ರಿಂದ ಅಗೆಸಿದವರು ಗ್ರೀಕ್ ಪುರಾತತ್ವಜ್ಞ ಸ್ಪಿರಿಡಾನ್ ಮರಿನಾಟೋಸ್. ಮಹಡಿಮನೆ, ಚರಂಡಿ, ಬಣ್ಣದ ಭಿತ್ತಿಚಿತ್ರ ಎಲ್ಲ ಸಿಕ್ಕವು. ಪಾಂಪೆಯಂತೆ ಹೆಣಗಳು ಸಿಗಲಿಲ್ಲ. ನೆಲ ಮೊದಲೇ ನಡುಗಿತ್ತು, ಜನ ಗಂಟುಮೂಟೆ ಕಟ್ಟಿದ್ದರು. ಚಿತ್ರದಲ್ಲಿ ನೀಲಿ ಕೋತಿಗಳಿವೆ. ಬಾಲ ಎತ್ತಿದ ರೀತಿ ನೋಡಿ, ಇವು ಭಾರತದ ಮುಸುವಗಳೇ ಎಂದು ಕೆಲವು ವಾನರತಜ್ಞರು ವಾದಿಸಿದ್ದಾರೆ. ನನಗಂತೂ ಮುಳುಗಿದ ಅಟ್ಲಾಂಟಿಸ್ ಇದೇ ಎಂಬ ಕತೆಗಿಂತ ಈ ಬಾಲವೇ ರುಚಿ. ಪ್ಲೇಟೊ ಆ ಕತೆ ಬರೆದದ್ದು ಸಾವಿರಕ್ಕೂ ಹೆಚ್ಚು ವರ್ಷ ಬಿಟ್ಟು.

ಹಗೇವಿಗೆ ಮತ್ತೆ ಕಾಳು ಬೀಳುತ್ತಲೇ ಇದೆ. ಕೊಲ್ಲಿಯ ನಡುವೆ ಎದ್ದಿರುವ ಕಪ್ಪು ದ್ವೀಪ ನೇಅ ಕಾಮೆನಿ 1707ರಲ್ಲಿ ತಲೆ ಹೊರಹಾಕಿದ್ದು. ಅದರ ಕೊನೆಯ ಸ್ಫೋಟ 1950ರಲ್ಲಿ. 2025ರ ಫೆಬ್ರುವರಿಯಲ್ಲಿ ನೆಲ ಸಾವಿರಾರು ಸಲ ನಡುಗಿತು, ಸಾವಿರಾರು ಜನ ದೋಣಿ, ವಿಮಾನ ಹತ್ತಿ ಹೊರಟರು. ಪಕ್ಕದ ಪಲಿಯ ಕಾಮೆನಿಯ ಬಳಿ ಕಬ್ಬಿಣದಿಂದ ತುಕ್ಕುಬಣ್ಣಕ್ಕೆ ತಿರುಗಿದ ಬಿಸಿನೀರು ಉಕ್ಕುತ್ತದೆ. ಪ್ರವಾಸಿ ದೋಣಿಗಳು ಅಲ್ಲಿ ನಿಲ್ಲುತ್ತವೆ, ಜನ ಇಳಿದು ಈಜುತ್ತಾರೆ.