ಓಡಿಹೋಗುವುದನ್ನೇ ಯುದ್ಧತಂತ್ರ ಮಾಡಿಕೊಂಡ ಇಫಿಕ್ರಟೀಸ್

ಕ್ರಿ.ಪೂ. 390. ಗ್ರೀಸಿನ ಕೊರಿಂಥ್ ಪಟ್ಟಣದ ಹೊರಗೆ, ಲೆಕೈಯಾನ್ ಬಂದರಿನ ಕಡೆ ಸುಮಾರು 600 ಸ್ಪಾರ್ಟನ್ ಕಾಲಾಳುಗಳು ನಡೆದು ಹೋಗುತ್ತಿದ್ದರು. ಅವರನ್ನು ತಡವಿಕೊಳ್ಳುವ ಧೈರ್ಯ ಆಗ ಯಾರಿಗೂ ಇರಲಿಲ್ಲ. ಸ್ಪಾರ್ಟಾದ ಜೊತೆ ಯುದ್ಧದಲ್ಲಿದ್ದ ಅಥೆನ್ಸಿನ ಸೇನಾನಾಯಕ ಇಫಿಕ್ರಟೀಸ್ ತಡವಿಕೊಂಡ. ಚಪ್ಪಲಿ ಹೊಲಿಯುವವನ ಮಗ ಎಂದು ಜನ ಆಡಿಕೊಳ್ಳುತ್ತಿದ್ದ ಮನುಷ್ಯ. ಅವನ ಕೈಕೆಳಗಿದ್ದವರು ಸಂಬಳಕ್ಕೆ ಬಂದ ಪೆಲ್ಟಾಸ್ಟ್‌ಗಳು: ಲೋಹದ ಕವಚವಿಲ್ಲ, ಕಡ್ಡಿ ಹೆಣೆದು ಚರ್ಮ ಹೊದಿಸಿದ ಹಗುರ ಗುರಾಣಿ, ಎಸೆಯುವ ಈಟಿಗಳು, ಅಷ್ಟೇ.

ಸ್ಪಾರ್ಟನ್ನರ ಗುರಾಣಿ ಒಂದೇ ಸುಮಾರು 7 ಕಿಲೋ. ಈಟಿಗಳು ಬೀಳತೊಡಗಿದಾಗ ಅವರ ನಾಯಕ ಎಳೆಯ ಹುಡುಗರಿಗೆ ಅಟ್ಟಿಸಿಕೊಂಡು ಹೋಗಲು ಹೇಳಿದ. ಪೆಲ್ಟಾಸ್ಟ್‌ಗಳು ಓಡಿದರು. ನಾಚಿಕೆಯ ಮಾತೇ ಇಲ್ಲ, ಅವರಿಗೆ ಕಲಿಸಿದ್ದೇ ಅದು. ಹುಡುಗರು ಸಾಲು ಚದುರಿ, ಏದುಸಿರು ಬಿಡುತ್ತಾ ವಾಪಸ್ ತಿರುಗಿದ ಕೂಡಲೇ ಇವರೂ ತಿರುಗಿ ಎಸೆದರು. ಇದೇ ಆಟ ಮತ್ತೆ ಮತ್ತೆ. ಕೊನೆಗೆ ಅಥೆನ್ಸಿನ ಭಾರಿ ಕಾಲಾಳುಗಳೂ ಮುಂದೆ ಬಂದಾಗ ಸ್ಪಾರ್ಟನ್ನರು ದಿಕ್ಕಾಪಾಲಾದರು. ಸತ್ತವರು ಸುಮಾರು 250.

ಗ್ರೀಕರ ಈಟಿಯಲ್ಲಿ ಒಂದು ಪುಟ್ಟ ಚಮತ್ಕಾರವಿತ್ತು. ಹಿಡಿಯುವ ಜಾಗಕ್ಕೆ ತೊಗಲಿನ ದಾರ ಸುತ್ತಿ, ಅದರ ಕುಣಿಕೆಯಲ್ಲಿ ಒಂದೆರಡು ಬೆರಳು ತೂರಿಸಿ ಎಸೆಯುತ್ತಿದ್ದರು. ಕೈ ಬಿಟ್ಟ ಮೇಲೂ ದಾರ ಒಂದು ಕ್ಷಣ ಈಟಿಯನ್ನು ತಳ್ಳುತ್ತದೆ. ತೋಳು ಅಷ್ಟು ಉದ್ದವಾದ ಲೆಕ್ಕ. ಗಾಳಿಯ ತಡೆ ಬಿಟ್ಟು ನೋಡಿದರೆ, ವೇಗ ಹತ್ತರಲ್ಲೊಂದು ಪಾಲು ಹೆಚ್ಚಿದರೆ ಸಾಕು, ದೂರ ಐದರಲ್ಲೊಂದು ಪಾಲು ಜಾಸ್ತಿ. ಇನ್ನೊಂದು ಲಾಭವೂ ಇದೆ. ಸುತ್ತಿದ ದಾರ ಬಿಚ್ಚಿಕೊಳ್ಳುವಾಗ ಈಟಿ ಬುಗುರಿ ಹಾಗೆ ತಿರುಗುತ್ತದೆ. ತಿರುಗುವ ವಸ್ತು ತನ್ನ ಅಕ್ಷ ಸುಲಭಕ್ಕೆ ಬದಲಿಸುವುದಿಲ್ಲ, ಹಾಗಾಗಿ ಮೊನೆ ಗುರಿ ತಪ್ಪುವುದು ಕಡಿಮೆ.

ಆಮೇಲೆ ಇಫಿಕ್ರಟೀಸ್ ಗ್ರೀಸಿನ ಈಶಾನ್ಯಕ್ಕಿದ್ದ ಥ್ರೇಸಿಗೆ ಹೋಗಿ ಅಲ್ಲಿನ ರಾಜ ಕೋಟಿಸ್‌ಗೆ ದುಡಿದ, ಅವನ ಮನೆಯ ಹೆಣ್ಣನ್ನೇ ಮದುವೆಯಾದ. ಕಂಚಿನ ಬದಲು ನಾರುಬಟ್ಟೆಯ ಕವಚ ತಂದ, ಈಟಿ-ಕತ್ತಿ ಉದ್ದ ಮಾಡಿಸಿದ. ಹಗುರ ಬೂಟಿಗೆ ಅವನ ಹೆಸರೇ ಅಂಟಿಕೊಂಡಿತು. ಬೂಟು ಅಂದರೆ ಸುಮ್ನೆ ಅಲ್ಲ: ಕಾಲಿನ ತೂಕವನ್ನು ಪ್ರತಿ ಹೆಜ್ಜೆಗೂ ಎತ್ತಿ ಬೀಸಬೇಕು, ಬೆನ್ನಿನ ಮೇಲಿನ ಅಷ್ಟೇ ತೂಕಕ್ಕಿಂತ ಅದು ಬೇಗ ಸುಸ್ತು ಮಾಡುತ್ತದೆ.

ಕ್ರಿ.ಪೂ. 373ರ ಸುಮಾರಿಗೆ ಪರ್ಷಿಯಾದವರು ಈಜಿಪ್ಟ್ ಗೆಲ್ಲಲು ಅವನನ್ನು ಕರೆಸಿಕೊಂಡರು. ಅಲ್ಲಿನ ದೊಡ್ಡ ಪಟ್ಟಣ ಮೆಂಫಿಸ್‌ಗೆ ಕಾವಲಿಲ್ಲ, ಈಗಲೇ ನುಗ್ಗೋಣ ಎಂದ ಅವನು. ಪರ್ಷಿಯನ್ ಸೇನಾಪತಿ ಫಾರ್ನಬಾಜಸ್ ಪೂರ್ತಿ ಸೈನ್ಯ ಬರಲಿ ಎಂದ. ಅಷ್ಟರಲ್ಲಿ ಇಥಿಯೋಪಿಯಾದ ಬೆಟ್ಟಗಳ ಮಳೆನೀರು ಬಂದು ನೈಲ್ ಉಕ್ಕಿತು. ದಂಡಯಾತ್ರೆ ಅಲ್ಲಿಗೆ ಮುಗಿಯಿತು. ತಪ್ಪು ತನ್ನ ತಲೆಗೇ ಬರುತ್ತದೆ ಎಂದು ಇಫಿಕ್ರಟೀಸ್ ರಾತ್ರೋರಾತ್ರಿ ಅಥೆನ್ಸಿಗೆ ಪರಾರಿಯಾದ. ಫಾರ್ನಬಾಜಸ್ ದೂರು ಕಳಿಸಿದ. ತಪ್ಪು ಕಂಡರೆ ಶಿಕ್ಷಿಸುತ್ತೇವೆ ಎಂದು ಉತ್ತರ ಕೊಟ್ಟ ಅಥೆನ್ಸಿನವರು, ಸ್ವಲ್ಪ ದಿನದಲ್ಲೇ ಅವನನ್ನು ತಮ್ಮ ನೌಕಾಪಡೆಯ ಮುಖ್ಯಸ್ಥನನ್ನಾಗಿ ಮಾಡಿದರು.